ಚಿಲ್ರೆ ಕಲಿತ ಹೋಲ್ಡಾನ್

ಭೀಮರಾಜು ಕಂಡಕ್ಟರ್ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಅಷ್ಟೂ ವರ್ಷ ಎಂಜಿನ್ನಿನ ಸದ್ದಿಗೆ ಎದುರು ನಿಂತು ಕೂಗಿದ ಗಂಟಲು ಮನೆಗೆ ಬಂದರೂ ತಗ್ಗುತ್ತಿರಲಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೂ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಪಾವಗಡದವರನ್ನು ಕರೆದಂತಿರುತ್ತಿತ್ತು. ಹೆಂಡತಿ ಜಗದಾಂಬ ಅಡುಗೆಮನೆಯಿಂದ ಅದೇ ಎತ್ತರದಲ್ಲಿ ಜವಾಬು ಕೊಡುತ್ತಿದ್ದಳು. ಐ.ಡಿ.ಹಳ್ಳಿಯ ಆ ಬೀದಿಯಲ್ಲಿ ಇವರ ಮನೆಯ ಇವತ್ತಿನ ಸಾರು ಯಾವುದೆಂದು ಆಚೀಚೆ ನಾಲ್ಕು ಮನೆಗೆ ಕೇಳದೆಯೇ ಗೊತ್ತಾಗುತ್ತಿತ್ತು.

ಇಂಥ ಮನೆಯಲ್ಲಿ ಯಶಸ್ವಿನಿ ಹುಟ್ಟಿದ್ದಳು. ಮಧುಗಿರಿಯಲ್ಲಿ ಬಿ.ಎಸ್ಸಿ. ಓದುವಾಗ ಅವಳ 'ಎಸ್ ಸರ್' ಮುಂದಿನ ಬೆಂಚು ದಾಟುತ್ತಿರಲಿಲ್ಲವಾದ್ದರಿಂದ ಮೂರು ವರ್ಷವೂ ಹಾಜರಾತಿಗೆ ಪರದಾಡಿದ್ದಳು. ಓದು ಮುಗಿದು ವರ್ಷವಾಗಿತ್ತು. ಮನೆಗೆ ನೆಂಟರು ಬಂದರೆ ಕಾಫಿ ಕೊಟ್ಟು, ಲೋಟ ಎತ್ತುವವರೆಗೆ ತಾರಸಿಯ ಮೇಲಿರುತ್ತಿದ್ದಳು.

"ನಿಮ್ ಮಗಳಿಗೆ ಬಾಯಿ ಐತೇನಮ್ಮ?" ಎಂದು ಬಂದವರು ಕೇಳಿದರೆ ಜಗದಾಂಬ, "ಐತೆ ಕಣಮ್ಮ, ಊಟಕ್ಕೆ ಮಾತ್ರ ತೆಗೀತಾಳೆ" ಅನ್ನುತ್ತಿದ್ದಳು.

ಜೂನ್ ತಿಂಗಳ ಒಂದು ಸಂಜೆ ಅಪ್ಪ ಕೆಲಸ ಮುಗಿಸಿ ಬಂದವನು ಹೆಗಲಿನ ಟಿಕೆಟ್ ಚೀಲವನ್ನು ಗೂಟಕ್ಕೆ ಹಾಕದೆ ನೆಲದ ಮೇಲಿಟ್ಟ. ಚೀಲ ಅಲುಗಾಡಿತು. ಒಳಗಿಂದ ಮೊದಲು ಒಂದು ಕಪ್ಪು ಮೂಗು ಬಂತು, ಆಮೇಲೆ ನೆಟ್ಟಗಿದ್ದ ಒಂದು ಕಿವಿ, ಅದರ ಹಿಂದೆ ಮಡಿಚಿಕೊಂಡ ಇನ್ನೊಂದು ಕಿವಿ. ಒಣಗಿದ ಕಡಲೆಕಾಯಿ ಸಿಪ್ಪೆಯ ಬಣ್ಣದ ಮರಿ. ಹೊರಬಂದದ್ದೇ ಚೀಲದ ಪಟ್ಟಿ ಕಚ್ಚಿಕೊಂಡು ಹಿಂದಕ್ಕೆ ಎಳೆಯಿತು. ಚೀಲ ಮಗುಚಿ ಒಂದು, ಎರಡು, ಐದರ ನಾಣ್ಯಗಳೆಲ್ಲ ಹಜಾರದ ತುಂಬ ಉರುಳಿದವು. ಮರಿ ಒಂದೊಂದರ ಹಿಂದೆಯೂ ಓಡಿತು. ಹೆಸರಿಡುವ ಕಷ್ಟ ಯಾರಿಗೂ ಬರಲಿಲ್ಲ. ಅದು ಅವತ್ತೇ ಚಿಲ್ರೆಯಾಯಿತು.

"ಮನೇಲಿ ಇರೋರು ಸಾಲ್ದು ಅಂತ ಇದೊಂದಾ?" ಅಂದಳು ಅಮ್ಮ.

"ಇವಳಿಗೆ ಕಣೇ. ನಾಯಿ ಸಾಕಿದ್ರೆ ಕೂಗ್ಲೇಬೇಕು. ಇದ್ರ ದೆಸೆಯಿಂದಾದ್ರೂ ಇವಳ ಗಂಟ್ಲು ಬಿಟ್ಕಳ್ಳಿ" ಅಂದ ಅಪ್ಪ.

ಮರಿ ಬಂದದ್ದು ನಿಡುಗಲ್ ಬೆಟ್ಟದ ಬುಡದ ಕದಿರಯ್ಯನ ಕುರಿಹಟ್ಟಿಯಿಂದ. ಅವನು ಅಪ್ಪನ ಬಸ್ಸಿನ ಹಳೆಯ ಗಿರಾಕಿ. ಅವರ ಮನೆತನದಲ್ಲಿ ನಾಯಿಮರಿಯನ್ನು ಮಾರುವುದಿಲ್ಲ, ಒಂದಚ್ಚು ಬೆಲ್ಲ ತೆಗೆದುಕೊಂಡು ಕೊಡುತ್ತಾರೆ. ಆದರೆ ಕೊಟ್ಟ ಮೇಲೂ ಮರಿ ಪೂರ್ತಿ ಸಾಕುವವರದಾಗುವುದಿಲ್ಲ. ಐದು ತಿಂಗಳ ಮೇಲೆ ಹಟ್ಟಿಗೆ ಕರೆದುಕೊಂಡು ಹೋಗಿ ತೋರಿಸಬೇಕು. ಕುರಿಗಳ ನಡುವೆ ಬಿಟ್ಟಾಗ, ಸಾಕಿದವರು ಹೇಳಿದರೆ ಮರಿ ಇದ್ದಲ್ಲೇ ನಿಲ್ಲಬೇಕು. ನಿಂತರೆ ಬೆಲ್ಲ ಅವನದು, ಮರಿ ಸಾಕಿದವರದು. ನಿಲ್ಲದಿದ್ದರೆ ಬೆಲ್ಲದಚ್ಚು ವಾಪಸ್ಸು ಕೊಟ್ಟು ಮರಿಯನ್ನು ಇಟ್ಟುಕೊಂಡುಬಿಡುತ್ತಾನೆ.

"ಅದೇನು ಜಂಬ ಅಲ್ಲ" ಎಂದು ಅಪ್ಪ ವಿವರಿಸಿದ. "ನಿಲ್ಲು ಅಂದ್ರೆ ನಿಲ್ಲದ ಮರಿ ಊರ ಕಡೆ ಉಳಿಯಲ್ಲವಂತೆ. ಹೋದ ವರ್ಷ ಕೊಟ್ಟಿದ್ದು ಒಂದು, ಟಾರು ರಸ್ತೆಲಿ ಗಾಡಿಗೆ ಸಿಕ್ಕಿ ಹೋಯ್ತಂತೆ. ಹೇಳುವಾಗ ಕಣ್ಣಲ್ಲಿ ನೀರು ಹಾಕ್ಕೊಂಡ."

ಯಶಸ್ವಿನಿ ಮರಿಯನ್ನು ನೋಡಿದಳು. ಅದು ಎರಡು ರೂಪಾಯಿ ನಾಣ್ಯವೊಂದನ್ನು ಬಾಯಲ್ಲಿ ಹಿಡಿದು ಅವಳ ಮುಂದೆ ಬಂದು ಕೂತು, ಕೊಡಲೋ ಬೇಡವೋ ಎಂದು ಯೋಚಿಸುತ್ತಿತ್ತು. ಕೊನೆಗೆ ಅವಳ ಪಾದದ ಮೇಲೆ ಉಗುಳಿತು. ಆ ಕ್ಷಣಕ್ಕೆ ಅವಳಿಗೆ ನವೆಂಬರಿನ ಹೆದರಿಕೆ ಶುರುವಾಯಿತು.

ಮೊದಲ ತಿಂಗಳು ಕಲಿತದ್ದು ಮರಿಯಲ್ಲ, ಮನೆಯವರು. ಚಪ್ಪಲಿಗಳು ಕಿಟಕಿಗೆ ಏರಿದವು. ಮುದ್ದೆ ಕೋಲು ಅಟ್ಟಕ್ಕೆ ಏರಿತು. ಅಮ್ಮನ ಕೋಳಿಗಳು ತಾವಾಗಿಯೇ ಹುಣಸೆಮರಕ್ಕೆ ಏರಿದವು. ಯಶಸ್ವಿನಿ ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬ್ ರೆಕಾರ್ಡಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ತೆರೆದು, ಹಳೆಯ ಅಭ್ಯಾಸದಂತೆ ಬರೆಯತೊಡಗಿದಳು. 'ಪ್ರಯೋಗ ಒಂದು: ಕರೆದಾಗ ಬರುವುದು. ಬೇಕಾದ ಸಾಮಗ್ರಿ: ಹುರಿದ ಕಡಲೆಬೀಜ, ಅರ್ಧ. ಫಲಿತಾಂಶ: ಬೀಜ ಬಂದ ಕಡೆಗೆ ಬಂತು. ಪ್ರಯೋಗ ನಾಲ್ಕು: ಒಂದೇ ಜಾಗದಲ್ಲಿ ಕೂರುವುದು. ಫಲಿತಾಂಶ: ಕೂತದ್ದು ನಾನು.'

ಮೊಬೈಲಿನ ವಿಡಿಯೋಗಳಲ್ಲಿ ನಾಯಿ ಕಲಿಸುವವರೆಲ್ಲ 'ಸಿಟ್', 'ಸ್ಟೇ' ಅನ್ನುತ್ತಿದ್ದರು. ಬೀದಿಯಲ್ಲಿ ಹಾಗಂದರೆ ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಕೇಳಿಸಿಕೊಂಡು, ಭೀಮರಾಜು ನಾಯಿನ ಇಂಗ್ಲಿಷ್ ಮೀಡಿಯಂಗೆ ಹಾಕವ್ನೆ ಎಂದು ಊರೆಲ್ಲ ಹೇಳುವುದು ಖಂಡಿತ. ಯಶಸ್ವಿನಿ ಯೋಚಿಸಿ, ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ್ದ ಎರಡು ಅಪ್ಪಣೆಗಳನ್ನು ಆರಿಸಿಕೊಂಡಳು. ಬಸ್ಸು ನಿಲ್ಲಬೇಕಾದರೆ ಅಪ್ಪ 'ಹೋಲ್ಡಾನ್' ಅನ್ನುತ್ತಿದ್ದ, ಹೊರಡಬೇಕಾದರೆ 'ರೈಟ್'. ಬಸ್ಸಿನಷ್ಟು ದೊಡ್ಡ ವಸ್ತುವೇ ಕೇಳುವ ಮಾತನ್ನು ಇಷ್ಟು ಚಿಕ್ಕ ಮರಿ ಕೇಳದೇ ಇರುತ್ತದೆಯೇ?

ಪಾಠ ಬೆಳಗ್ಗೆ ಆರಕ್ಕೆ ತಾರಸಿಯ ಮೇಲೆ ನಡೆಯುತ್ತಿತ್ತು. ಪಕ್ಕದ ತಾರಸಿಯಲ್ಲಿ ಮಹಾಲಕ್ಷ್ಮಮ್ಮ ಸಂಡಿಗೆ ಇಡಲು ಬರುವುದರೊಳಗೆ ಮುಗಿಯಬೇಕು. ಕೇಳಬಾರದೆಂದು ಯಶಸ್ವಿನಿ ಮರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಉಸಿರಿನಷ್ಟೇ ಸದ್ದಿನಲ್ಲಿ "ಹೋಲ್ಡಾನ್" ಅನ್ನುತ್ತಿದ್ದಳು. ಚಿಲ್ರೆ ಮಡಿಚಿದ ಕಿವಿಯನ್ನು ಎತ್ತಿ, ತಲೆ ಓರೆ ಮಾಡಿ ಕೇಳುತ್ತಿತ್ತು. ಮೂರು ವಾರಕ್ಕೆ ನಿಂತಿತು. ಎರಡು ತಿಂಗಳಿಗೆ ಅವಳು ಮೆಟ್ಟಿಲಿಳಿದು ಹೋಗಿ ನೀರಿನ ಮೋಟಾರು ಹಾಕಿ ಬಂದರೂ ನಿಂತೇ ಇತ್ತು. "ರೈಟ್" ಎಂಬ ಪಿಸುಮಾತು ಬಿದ್ದ ತಕ್ಷಣ ಬಾಣದ ಹಾಗೆ ಅವಳ ಮಡಿಲಿಗೆ. ಲ್ಯಾಬ್ ರೆಕಾರ್ಡಿನಲ್ಲಿ ಫಲಿತಾಂಶದ ಕೆಳಗೆ ಅವಳು ಕೆಂಪು ಶಾಯಿಯಲ್ಲಿ 'ಸರಿ' ಹಾಕಿ, ಮೇಷ್ಟ್ರ ಹಾಗೆ ಸಹಿಯನ್ನೂ ಮಾಡಿಕೊಂಡಳು.

ತಪ್ಪು ತಿಳಿದದ್ದು ನವೆಂಬರ್ ಮೊದಲ ವಾರ. ಬಿಡಿಸಿದ ಕಡಲೆಕಾಯಿ ಅಂಗಳದಲ್ಲಿ ಒಣಗುತ್ತಿತ್ತು. ಅಪ್ಪನ ಸಮವಸ್ತ್ರದ ಖಾಕಿ ಅಂಗಿ ಹಗ್ಗದಿಂದ ಜಾರಿ ಬಿತ್ತು. ಚಿಲ್ರೆ ಅದನ್ನು ತೋಳಿನಲ್ಲಿ ಹಿಡಿದು ಬೀದಿಗೆ ಓಡಿತು.

"ಹೋಲ್ಡಾನ್" ಎಂದು ಅಪ್ಪ ಬಾಗಿಲಿನಿಂದ ಕೂಗಿದ. ಆ ಕೂಗಿಗೆ ದಾರಿಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. ಚಿಲ್ರೆ ನಿಲ್ಲಲಿಲ್ಲ. ಅಮ್ಮ ಕೂಗಿದಳು. ಮಹಾಲಕ್ಷ್ಮಮ್ಮ ತನ್ನ ಬಾಗಿಲಿನಿಂದ ಕೂಗಿದಳು. ಕೂಗು ಹೆಚ್ಚಾದಷ್ಟೂ ಮರಿಗೆ ಖುಷಿ ಹೆಚ್ಚಿತು. ಅಂಗಿಯನ್ನು ಬಾವುಟದ ಹಾಗೆ ಬೀಸುತ್ತ ಬೀದಿಯನ್ನು ಎರಡು ಸುತ್ತು ಹಾಕಿತು.

ಯಶಸ್ವಿನಿ ಹಜಾರದಲ್ಲಿ ನಿಂತೇ ಅರ್ಥ ಮಾಡಿಕೊಂಡಳು. ಐದು ತಿಂಗಳಲ್ಲಿ ಒಂದು ಸಲವೂ ಅವಳು ಆ ಮಾತನ್ನು ಜೋರಾಗಿ ಹೇಳಿರಲಿಲ್ಲ. ಮರಿಯ ಲೆಕ್ಕದಲ್ಲಿ ಪಿಸುಮಾತು ಎಂದರೆ ಪಾಠ. ಕೂಗು ಎಂದರೆ ಆಟ. ಈ ಮನೆಯಲ್ಲಿ ದಿನವಿಡೀ ಎಲ್ಲರೂ ಕೂಗುತ್ತಿದ್ದರು, ಅದರಿಂದ ಯಾವತ್ತೂ ಏನೂ ಆಗುತ್ತಿರಲಿಲ್ಲ ಎಂಬುದನ್ನೂ ಅದು ಗಮನಿಸಿತ್ತು.

"ಇದ್ನೇನೇ ನೀನು ಕಲ್ಸಿದ್ದು?" ಅಪ್ಪ ಕೇಳಿದ. ಅಂಗಿಯ ಒಂದು ತೋಳು ಅವನ ಕೈಯಲ್ಲಿತ್ತು. "ಬರೋ ಭಾನುವಾರ ಕದಿರಯ್ಯನ ಹಟ್ಟಿಗೆ ಕರ್ಕಂಡ್ ಬತ್ತೀನಿ ಅಂದಿದೀನಲ್ಲ. ಕುರಿ ಮಂದೆ ನಡುವೆ ನೀನು ಇದ್ರ ಕಿವೀಲಿ ಗುಟ್ಟು ಹೇಳಕ್ಕಾಯ್ತದಾ?"

ಉಳಿದಿದ್ದ ಐದು ದಿನವೂ ಅವಳು ಕೆರೆ ಏರಿಯ ಮೇಲೆ ಹೋದಳು. ನೀರಿಲ್ಲದ ಕೆರೆ, ಆಚೆ ಜಾಲಿಗಿಡ, ಕೇಳುವವರು ಯಾರೂ ಇಲ್ಲ. ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ತೆರೆದಳು. ಬಂದ ಸದ್ದಿಗೆ ಅವಳೇ ಹಿಂದೆ ತಿರುಗಿ ನೋಡಿದಳು. ಚಿಲ್ರೆ ಗಾಬರಿಯಾಗಿ ಅವಳ ಕಾಲಿನ ಹಿಂದೆ ಅಡಗಿ, ಇವಳಿಗೆ ಏನು ಕಚ್ಚಿತು ಎಂಬಂತೆ ಪಾದ ನೆಕ್ಕಿತು. 'ಪ್ರಯೋಗ ಐವತ್ತೊಂದು: ಜೋರಾಗಿ ಹೇಳುವುದು. ಫಲಿತಾಂಶ: ಇಬ್ಬರಿಗೂ ಭಯ.' ಆ ಹಾಳೆಗೆ ಅವಳು ಸಹಿ ಹಾಕಲಿಲ್ಲ. ಶನಿವಾರ ಚಿಲ್ರೆಗೆ ಸ್ನಾನ ಮಾಡಿಸುವಾಗ ಅದರ ಮಡಿಚಿದ ಕಿವಿಯನ್ನು ಎಂದಿಗಿಂತ ಹೆಚ್ಚು ಹೊತ್ತು ಒರೆಸಿದಳು.

ಭಾನುವಾರ ಅಪ್ಪನ ಬಸ್ಸಿನಲ್ಲೇ ಹೊರಟರು. ಚಾಲಕ ಮುಜೀಬ್ ಸಿರಾದವನು. ಹದಿನಾರು ವರ್ಷದಿಂದ, ಭೀಮರಾಜು ಊದುವ ಸೀಟಿಯ ಸದ್ದು ಕೇಳಿಯೇ ಬಸ್ಸು ನಿಲ್ಲಿಸಿ, ಬಸ್ಸು ಬಿಟ್ಟು ಅಭ್ಯಾಸವಾಗಿದ್ದವನು. ಉದ್ದಕ್ಕೆ ಒಂದು ಊದಿದರೆ ನಿಲ್ಲು, ಗಿಡ್ಡಕ್ಕೆ ಎರಡು ಊದಿದರೆ ಹೊರಡು.

"ಬೇಟಿ, ನಿನ್ ನಾಯಿಗೆ ಮುಂದಿನ ಸೀಟೇ ಕೊಟ್ಟಿದೀನಿ" ಅಂದ ಮುಜೀಬ್. "ಪ್ಯಾಸೆಂಜರ್ ಹೆಸರು ಚಿಲ್ರೆ ಅಂತೆ. ನಿಮ್ಮಪ್ಪನ ಹತ್ರ ಯಾವತ್ತೂ ಇರಲ್ಲ ನೋಡು ಅದು, ಇವತ್ತು ಅದೇ ಬಂದು ಕೂತದೆ."

"ನೀನು ರಸ್ತೆ ನೋಡಪ್ಪ" ಅಂದ ಅಪ್ಪ. ಅವನಿಗೆ ಅವತ್ತು ಜೋಕು ಹಿಡಿಸುತ್ತಿರಲಿಲ್ಲ. ಕೈಚೀಲದಲ್ಲಿ ಇನ್ನೊಂದು ಬೆಲ್ಲದಚ್ಚನ್ನೂ ತಂದಿದ್ದ, ಕದಿರಯ್ಯನ ಮನಸ್ಸು ಕರಗಿದರೆ ಕರಗಲಿ ಎಂದು.

ಪಾವಗಡದಲ್ಲಿ ಬಸ್ಸು ತುಂಬಿತು. ಚಿಲ್ರೆ ಕಿಟಕಿಯ ಸರಳಿಗೆ ಮೂಗು ತೂರಿಸಿ ಕೋಟೆ ಬೆಟ್ಟಕ್ಕೆ ಒಮ್ಮೆ ಬೊಗಳಿತು. ಸೊಪ್ಪಿನ ಗಂಟಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ತೆಲುಗಿನಲ್ಲಿ ಅದನ್ನು ಅಳಿಯ ಎಂದು ಕರೆದು, ಮಡಿಲಲ್ಲಿದ್ದ ಕಡಲೆಕಾಯಿ ಕೊಟ್ಟಳು. ಯಶಸ್ವಿನಿ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಕೂತಿದ್ದಳು. ಬೆಟ್ಟದ ಬುಡ ಹತ್ತಿರವಾದಾಗ ಇನ್ನೂ ಒಂದು ಸುತ್ತು ಸುತ್ತಿಕೊಂಡಳು.

ನಿಡುಗಲ್ಲಿಗೆ ಇನ್ನೇನು ಒಂದು ಮೈಲಿ ಇದೆ ಅನ್ನುವಾಗ ಬಸ್ಸು ನಿಂತಿತು. ರಸ್ತೆಯ ತುಂಬ ಕುರಿ. ನೂರಕ್ಕೂ ಮೇಲೆ. ನಡುವೆ ಹೆಗಲಿಗೆ ಕಂಬಳಿ ಹಾಕಿಕೊಂಡ ಎತ್ತರದ ಮುದುಕ.

"ಕದಿರಯ್ಯನೇ ಎದುರುಗೊಳ್ಳಕ್ಕೆ ಬಂದವ್ನೆ" ಅಂದ ಮುಜೀಬ್.

ಚಿಲ್ರೆಯ ಮೂಗಿಗೆ ಹುಟ್ಟಿದ ಹಟ್ಟಿಯ ವಾಸನೆ ಬಡಿಯಿತು. ಅದು ಒಂದೇ ಒಂದು ಸಲ ಮೈ ಕೊಡವಿತು. ಕುತ್ತಿಗೆಯ ಪಟ್ಟಿ ತಲೆಯಿಂದ ಜಾರಿತು. ಯಶಸ್ವಿನಿಯ ಕೈಯಲ್ಲಿ ಬರಿಯ ಹಗ್ಗ ಉಳಿಯಿತು. ಮರಿ ಮುದುಕಿಯ ಸೊಪ್ಪಿನ ಗಂಟು ಹತ್ತಿ, ಬಾಗಿಲಿನಿಂದ ಹಾರಿ, ಕುರಿಗಳ ನಡುವೆ ಇತ್ತು.

ಆಮೇಲೆ ಆದದ್ದನ್ನು ಪಾವಗಡದ ಕಡೆಯವರು ಇವತ್ತಿಗೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕುರಿಗಳು ಎರಡು ಪಾಲಾದವು, ನಾಲ್ಕು ಪಾಲಾದವು. ಬಸ್ಸಿನಲ್ಲಿದ್ದವರೆಲ್ಲ ಇಳಿದರು. ಅಪ್ಪ "ಹಿಡ್ಕಳ್ರಲಾ ಅದನ್ನ" ಎಂದು ಕೂಗಿದ. ಕದಿರಯ್ಯ ತನ್ನ ಕುರಿಗಳಿಗೆ ತನ್ನ ಕೂಗು ಹಾಕಿದ. ಮುದುಕಿ ತೆಲುಗಿನಲ್ಲಿ ಕೂಗಿದಳು. ಮುಜೀಬ್ ಹಾರನ್ ಹೊಡೆದ. ಇಷ್ಟು ಜನ ತನ್ನೊಡನೆ ಆಟಕ್ಕೆ ಬಂದರೆಂದು ಚಿಲ್ರೆಯ ಸಂತೋಷಕ್ಕೆ ಮಿತಿಯಿರಲಿಲ್ಲ. ಒಂದು ಕುರಿಯ ಹೊಟ್ಟೆಯ ಕೆಳಗೆ ನುಸುಳಿ, ಇನ್ನೊಂದನ್ನು ಹಾರಿ, ಕದಿರಯ್ಯನ ಕಂಬಳಿಯ ತುದಿ ಎಳೆದು ಬಿಟ್ಟು, ಟಾರು ರಸ್ತೆಯ ಮೇಲೆ ಆ ತುದಿಯಿಂದ ಈ ತುದಿಗೆ ಓಡತೊಡಗಿತು.

ರಸ್ತೆಯ ಏರಿನ ತಲೆಯಲ್ಲಿ ಒಂದು ಲಾರಿ ಕಾಣಿಸಿತು. ಸೋಲಾರ್ ಫಲಕ ಹೊತ್ತ ಉದ್ದನೆಯ ಲಾರಿ. ಇಳಿಜಾರಿನಲ್ಲಿ ಬರುತ್ತಿತ್ತು.

ಯಶಸ್ವಿನಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು "ಹೋಲ್ಡಾನ್" ಅಂದಳು. ಅದು ಅವಳಿಗೇ ಕೇಳಲಿಲ್ಲ. ಇನ್ನೊಮ್ಮೆ ಅಂದಳು. ಸುತ್ತಲಿನ ನಲವತ್ತು ಗಂಟಲುಗಳ ಅಡಿಯಲ್ಲಿ ಅದು ಎಲ್ಲೋ ಹೂತುಹೋಯಿತು. ಕೂಗಲು ಅವಳಿಂದ ಆಗುವುದಿಲ್ಲ, ಕೂಗಿದರೂ ಚಿಲ್ರೆ ನಿಲ್ಲುವುದಿಲ್ಲ. ಐದು ದಿನ ಕೆರೆ ಏರಿಯ ಮೇಲೆ ಕಲಿತದ್ದು ಇಷ್ಟೇ. ಹಾಗಾದರೆ ನಿಲ್ಲಬೇಕಾದದ್ದು ಮರಿಯಲ್ಲ. ಮೊದಲು ಈ ಗದ್ದಲ.

ಪಕ್ಕದಲ್ಲೇ ಅಪ್ಪ ನಿಂತಿದ್ದ. ಅವನ ಕುತ್ತಿಗೆಯಲ್ಲಿ ಕರಿದಾರದ ತುದಿಗೆ ಸೀಟಿ ನೇತಾಡುತ್ತಿತ್ತು. ಅವಳು ಅದನ್ನು ಹಿಡಿದು ಎಳೆದಳು. ದಾರದ ಜೊತೆ ಅಪ್ಪನೂ ಅರ್ಧ ಬಗ್ಗಿದ. ಅವಳು ಸೀಟಿಯನ್ನು ಬಾಯಿಗಿಟ್ಟು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹಾಕಿ, ಉದ್ದಕ್ಕೆ ಒಂದು ಊದಿದಳು.

ಬಸ್ಸಿನಲ್ಲಿ ಓಡಾಡುವವರಿಗೆ ಆ ಸದ್ದು ಮೈಗೆ ಹತ್ತಿರುತ್ತದೆ. ಓಡುತ್ತಿದ್ದವರು ಓಡುತ್ತಿದ್ದಲ್ಲೇ ನಿಂತರು. ಮುಜೀಬನ ಬಲಗಾಲು, ಬಸ್ಸು ನಿಂತೇ ಇದ್ದರೂ, ಬ್ರೇಕು ತುಳಿಯಿತು. ಮುದುಕಿಯ ಬಾಯಿ ತೆರೆದಂತೆಯೇ ಉಳಿಯಿತು. ಏರಿನ ಮೇಲಿನ ಲಾರಿಯವನೂ ಎದುರಿಗೆ ಏನೋ ಆಗಿದೆಯೆಂದು ವೇಗ ಇಳಿಸಿದ. ಗಾಳಿ ಬೀಸುವುದು ಕೇಳಿಸಿತು. ಕುರಿಯೊಂದು ಕೆಮ್ಮಿದ್ದು ಕೇಳಿಸಿತು. ಚಿಲ್ರೆ ರಸ್ತೆಯ ನಡುವೆ ನಿಂತು, ಆಟ ಯಾಕೆ ನಿಂತಿತೆಂದು ಎಲ್ಲರ ಮುಖವನ್ನೂ ನೋಡಿತು. ಅದರ ಹಿಂಗಾಲು ಮತ್ತೆ ಜಿಗಿಯಲು ಮಡಿಯುತ್ತಿತ್ತು.

ಯಶಸ್ವಿನಿ ಮೆಟ್ಟಿಲಿಳಿದು ಕುಕ್ಕರಗಾಲಲ್ಲಿ ಕೂತಳು.

"ಹೋಲ್ಡಾನ್."

ಮಡಿಚಿದ ಕಿವಿ ಎದ್ದಿತು. ಚಿಲ್ರೆ ಬಾಲವನ್ನು ಟಾರಿನ ಮೇಲೆ ಒತ್ತಿ ಕೂತುಬಿಟ್ಟಿತು. ಲಾರಿ ನಿಧಾನವಾಗಿ ಬಂದು, ಇಪ್ಪತ್ತು ಮಾರು ದೂರದಲ್ಲಿ ನಿಂತಿತು. ಮರಿ ಅತ್ತ ತಿರುಗಿಯೂ ನೋಡಲಿಲ್ಲ. ಒಂದು ಕುರಿ ಬಂದು ಅದರ ಬೆನ್ನು ಮೂಸಿತು. ಕದಿರಯ್ಯನ ಕಂಬಳಿಯ ತುದಿ ಅದರ ಮೂಗಿನ ಮುಂದೆಯೇ ಗಾಳಿಗೆ ಆಡಿತು. ಚಿಲ್ರೆಯ ಮೈಯೆಲ್ಲ ನಡುಗುತ್ತಿತ್ತು, ಆದರೆ ಕಣ್ಣು ಅವಳ ಮೇಲೆಯೇ ಇತ್ತು.

"ರೈಟ್" ಎಂದು ಅವಳು ಪಿಸುಗುಟ್ಟಿದಳು. ಮರುಕ್ಷಣ ಮಡಿಲು ತುಂಬಿತು. ಹಿಂದಕ್ಕೆ ಬಿದ್ದ ಅವಳ ತಲೆ ಬಸ್ಸಿನ ಮೆಟ್ಟಿಲಿಗೆ ಬಡಿಯಿತು. ಅವಳಿಗೆ ಅದು ತಿಳಿಯಲಿಲ್ಲ.

ಕುರಿಗಳನ್ನು ಒಂದು ಮಗ್ಗುಲಿಗೆ ಹೊಡೆದು, ಲಾರಿಗೆ ದಾರಿ ಬಿಟ್ಟು ಕದಿರಯ್ಯ ಹತ್ತಿರ ಬಂದ. ಯಾರೂ ಬಸ್ಸು ಹತ್ತಿರಲಿಲ್ಲ. ಅವನು ಏನು ಹೇಳುತ್ತಾನೆಂದು ಎಲ್ಲರಿಗೂ ತಿಳಿಯಬೇಕಿತ್ತು.

"ಏಂ ಪಾಪಾ" ಎಂದು ಕದಿರಯ್ಯ ಯಶಸ್ವಿನಿಯನ್ನು ತೆಲುಗಿನಲ್ಲಿ ಮಗು ಎಂದು ಕರೆದು ಮಾತಾಡಿಸಿದ. "ನಮ್ಮೋರು ಕೂಗಿ ನಿಲ್ಲಿಸ್ತಾರೆ. ನೀನು ಕೂಗಲೇ ಇಲ್ವಲ್ಲ."

ಅವಳು ಏನೋ ಅಂದಳು.

"ಏನಂದೆ?"

"ಜೋರಾಗಿ ಹೇಳೇ" ಎಂದು ಅಪ್ಪ ಬಾಯಿ ತೆರೆದ. ಸೊಪ್ಪಿನ ಮುದುಕಿ ಅವನ ಮೊಣಕೈಗೆ ತಿವಿದಳು. ಜನ ಮತ್ತೆ ಸುಮ್ಮನಾದರು. ಈ ಸಲ ಸೀಟಿ ಬೇಕಾಗಲಿಲ್ಲ.

"ಎಲ್ಲರೂ ಸುಮ್ನಿದ್ರೆ ಅದಕ್ಕೆ ಕೇಳ್ಸುತ್ತೆ" ಅಂದಳು ಯಶಸ್ವಿನಿ. "ನಾನು ಅಂಗೇ ಕಲ್ಸಿರೋದು. ಜೋರಾಗಿ ಹೇಳಕ್ಕೆ ನಂಗೆ ಬರಲ್ಲ. ನಂದೇ ತಪ್ಪು, ಅದ್ರದ್ದಲ್ಲ. ವಾಪಸ್ ಇಟ್ಕೋಬೇಡಿ."

ಹೊರಗಿನವರ ಎದುರಿಗೆ ಅವಳು ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ಅಪ್ಪ ಕಂಡಿರಲಿಲ್ಲ. ಕದಿರಯ್ಯ ಬಗ್ಗಿ ಚಿಲ್ರೆಯ ದವಡೆ ಹಿಡಿದು ಹಲ್ಲು ನೋಡಿದ, ಕಿವಿಯ ಒಳಗೆ ನೋಡಿದ, ಮಡಿಚಿದ ಕಿವಿಯನ್ನು ಬೆರಳಲ್ಲಿ ಎತ್ತಿ ಬಿಟ್ಟ. ಆಮೇಲೆ ಸೊಂಟದ ಚೀಲದಿಂದ ಒಂದು ಪೊಟ್ಟಣ ತೆಗೆದ. ಅದರಲ್ಲಿ ಜೂನ್ ತಿಂಗಳ ಬೆಲ್ಲದಚ್ಚು, ಇರುವೆ ಹತ್ತದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದು, ಹಾಗೆಯೇ ಇತ್ತು. ಅಪ್ಪನ ಮುಖ ಬಾಡಿತು. ವಾಪಸ್ಸು ಕೊಡಲೆಂದೇ ತೆಗೆದನೆಂದು ಯಶಸ್ವಿನಿ ಮರಿಯನ್ನು ಬಿಗಿಯಾಗಿ ಹಿಡಿದಳು.

ಕದಿರಯ್ಯ ಅಚ್ಚನ್ನು ಕಲ್ಲಿನ ಮೇಲಿಟ್ಟು ಕೋಲಿನಿಂದ ಕುಟ್ಟಿ ಚೂರು ಮಾಡಿದ. ದೊಡ್ಡ ಚೂರೊಂದನ್ನು ತನ್ನ ಬಾಯಿಗೆ ಹಾಕಿಕೊಂಡ. ಉಳಿದದ್ದನ್ನು ಸುತ್ತ ನಿಂತವರಿಗೆ ಹಂಚಿದ.

"ಬೆಲ್ಲ ತಿಂದ್ಬುಟ್ಟೆ" ಅಂದ ದವಡೆ ಆಡಿಸುತ್ತ. "ಇನ್ನೇನು ವಾಪಸ್ ಕೊಡ್ಲಿ? ಕಂಡಕ್ಟ್ರೇ, ಆ ಪೀಪಿ ನಿನ್ ಮಗಳ ಹತ್ರನೇ ಇರ್ಲಿ ಬುಡು. ಇದ್ರ ತಾಯಿ ಸಂಕ್ರಾಂತಿಗೆ ಮತ್ತೆ ಮರಿ ಹಾಕ್ತದೆ. ಆ ಮರಿಗಳಿಗೂ ಇವಳೇ ಬಂದು ಹೇಳಿಕೊಡ್ಲಿ. ಬೆಟ್ಟದ ಚಿರತೆ ಬಾಯಿ ಮಾಡೋ ನಾಯಿನೇ ಮೊದ್ಲು ಹೊತ್ಕಂಡ್ ಹೋಗದು. ನಂಗೆ ಬಾಯಿ ಬಡ್ಕಳೋ ನಾಯಿಗಿಂತ ಪಿಸುಮಾತು ಕೇಳೋ ನಾಯಿ ಮೇಲು."

"ಸರಿ" ಅಂದಳು ಯಶಸ್ವಿನಿ. ಕದಿರಯ್ಯನಿಗೆ ಅದು ಒಂದೇ ಸಲಕ್ಕೆ ಕೇಳಿಸಿತು.

ಎಲ್ಲರೂ ಬೆಲ್ಲ ಚಪ್ಪರಿಸುತ್ತ ಬಸ್ಸು ಹತ್ತಿದರು. ಅಪ್ಪ ಬಾಗಿಲಲ್ಲಿ ನಿಂತು ಅಭ್ಯಾಸದಂತೆ ಕುತ್ತಿಗೆಗೆ ಕೈ ಹಾಕಿದ. ಸೀಟಿ ಇರಲಿಲ್ಲ, ಆಗಲೇ ತೆಗೆದು ಮಗಳ ಕೊರಳಿಗೆ ಹಾಕಿದ್ದ. ಅವನು ಒಮ್ಮೆ ಮಗಳ ಕಡೆ, ಒಮ್ಮೆ ಮರಿಯ ಕಡೆ ನೋಡಿದ. ಆಮೇಲೆ, ಯಾರೂ ಗಮನಿಸುತ್ತಿಲ್ಲವೆಂದುಕೊಂಡು, ಮರಿಯ ಕಿವಿಯ ಹತ್ತಿರ ಬಗ್ಗಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಉಸಿರಿನಷ್ಟೇ ಸದ್ದಿನಲ್ಲಿ "ರೈಟ್" ಅಂದ. ಚಿಲ್ರೆ ಸೀಟಿನಿಂದ ಜಿಗಿದು ಅವನ ಎದೆಗೆ ಬಂದು ಬಿತ್ತು. ಅಪ್ಪ ಬಾಗಿಲಿನ ಕಂಬಿ ಹಿಡಿದುಕೊಂಡು ಸಾವರಿಸಿಕೊಂಡ. ಅವನ ಮುಖ ಮದುವೆ ಗಂಡಿನ ಹಾಗಿತ್ತು.

"ಏನ್ ಭೀಮಣ್ಣ, ಗಂಟ್ಲು ಕೂತೋಯ್ತಾ?" ಮುಜೀಬ್ ಮುಂದಿನಿಂದ ಕೇಳಿದ. "ರೈಟ್ ಅನ್ನಪ್ಪ, ಟೈಮಾಯ್ತು."

ಯಶಸ್ವಿನಿ ಸೀಟಿಯನ್ನು ಬಾಯಿಗಿಟ್ಟು ಗಿಡ್ಡಕ್ಕೆ ಎರಡು ಊದಿದಳು. ಬಸ್ಸು ಹೊರಟಿತು.